ಅಪ್ಪ ಕೊಟ್ಟ ಜನರೇಟರ್

ಸೋಮವಾರ, ಮಧ್ಯಾಹ್ನ

ನನ್ನ ಮುದ್ದು ಅಮ್ಮಾ,

ಅಂತೂ ಇಂತೂ ನಮ್ಮ ಹನಿಮೂನ್ ಆಯಿತು, ಸೂಪರ್! ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆವು. ನಗಬೇಡ. ಆ ಕೆಮ್ಮಿನಲ್ಲಿ ಅವರೊಬ್ಬರನ್ನೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಮದುವೆ ಮಾತುಕತೆಗೆ ಬಂದಾಗ ನಮ್ಮ ಮಹಡಿಯನ್ನು ಸರಸರ ಹತ್ತಿದವರಿಗೆ ಈಗ ಅಡುಗೆಮನೆಯಿಂದ ಹಜಾರಕ್ಕೆ ಬರುವಷ್ಟರಲ್ಲಿ ಏದುಸಿರು. ಡಾಕ್ಟರು ತಲೆಯೆತ್ತಿಯೂ ನೋಡದೆ, ‘ವಯಸ್ಸಾಯ್ತಲ್ಲಮ್ಮ’ ಎಂದಿದ್ದರು. ಇವರದೂ ಅದೇ ರಾಗ.

ಕಡಲ ದಂಡೆಯಲ್ಲಿ ಆದದ್ದು ಕೇಳು. ವಾಪಸ್ ಹೊರಡುವ ಹೊತ್ತಿಗೆ ರೂಮಿನ ಮೆಟ್ಟಿಲನ್ನು ಅತ್ತೆಯೇ ಮುಂದಾಗಿ ಹತ್ತುತ್ತಿದ್ದರು. ಸೊಂಟ ಹಿಡಿದು ನಿಂತವಳು ನಾನು! ‘ಬಾರೇ ಹುಡುಗಿ, ನಿಂಗೂ ವಯಸ್ಸಾಯ್ತೇನೇ?’ ಎಂದು ಮೇಲಿನಿಂದ ಅಣಕಿಸಿದರು.

ಮನೆಗೆ ಬಂದ ಮರುದಿನವೇ ಮತ್ತೆ ಅದೇ ಕೆಮ್ಮು. ಸಮುದ್ರ ಕಂಡರೆ ಇಳಿದು, ಮನೆಗೆ ಬಂದರೆ ಏರುವ ಇದ್ಯಾವ ವಯಸ್ಸಮ್ಮ? ಸಿಟ್ಟು ನೆತ್ತಿಗೇರಿತು. ಅವರ ಕೋಣೆಗೆ ನುಗ್ಗಿ, ಸದಾ ಮುಚ್ಚಿರುವ ಕಿಟಕಿಯನ್ನು ತೆರೆದೆ. ಸಂದಿಗೆಲ್ಲ ಹಳೆ ಬಟ್ಟೆ ತುರುಕಿದ್ದರು. ಸರಳುಗಳ ಮೇಲೆ ಕಾಡಿಗೆಯಂಥ ಮಸಿ. ಕೆಳಗೆ, ಇವರ ಪ್ರಿಂಟಿಂಗ್ ಪ್ರೆಸ್ಸಿನ ಗೋಡೆಗಂಟಿ ಹೊಗೆ ಉಗುಳುತ್ತಿದ್ದದ್ದು ನಮ್ಮ ಮದುವೆಗೆ ಅಪ್ಪ ಕೊಟ್ಟ ಡೀಸೆಲ್ ಜನರೇಟರ್!

ಯಾಕೆ ಹೇಳಲಿಲ್ಲ ಎಂದು ಕಿರುಚಿದೆ. ‘ನಿಮ್ಮಪ್ಪ ಪ್ರೀತಿಯಿಂದ ಕೊಟ್ಟಿದ್ದು ಕಣೇ. ನಾನು ಕೊಂಕು ತೆಗೆದಿದ್ರೆ ನೀನು ಮುಖ ಊದಿಸ್ಕೋತಿದ್ದೆ’ ಎಂದರು ಅತ್ತೆ. ನಾನು ಮುಖ ಊದಿಸಿಕೊಳ್ಳುತ್ತೇನೆಂದು ಹೆದರಿ ಇಷ್ಟು ತಿಂಗಳು ಹೊಗೆ ಕುಡಿದರಂತೆ!

ಇವರದು ಬೇರೆಯೇ ಚಿಂತೆ: ‘ಕರೆಂಟ್ ಹೋದ್ರೆ ಮಷೀನ್ ನಿಂತುಹೋಗುತ್ತೆ.’

‘ನಿಂತ ಮಷೀನ್ ಮತ್ತೆ ಶುರುವಾಗುತ್ತೆ ಕಣ್ರೀ. ನಿಮ್ಮಮ್ಮ?’ ಎಂದೆ.

ಆ ಡಾಕ್ಟರನ್ನೂ ಬಿಡಲಿಲ್ಲ. ವಯಸ್ಸಾದವರ ಶ್ವಾಸಕೋಶಕ್ಕೆ, ಹೃದಯಕ್ಕೆ ಹೊಗೆ ಇನ್ನೂ ಕೆಟ್ಟದ್ದಲ್ಲವೇ ಎಂದರೆ ‘ಹೌದು ಹೌದು’ ಅನ್ನುತ್ತಾರೆ! ಹಾಗಿದ್ದರೆ ಮನೆಯ ಹತ್ತಿರ ಹೊಗೆ ಇದೆಯಾ ಎಂದು ಒಂದು ಮಾತು ಕೇಳಿದ್ದರೆ ಗಂಟೇನು ಹೋಗುತ್ತಿತ್ತು? ವಯಸ್ಸಾಗಿದೆ ಎಂದೇ ಅಲ್ಲವೇ ಅವರನ್ನು ಹೊಗೆಯಿಂದ ದೂರವಿಡಬೇಕಾದದ್ದು?

ಗುರುವಾರ ಜನರೇಟರನ್ನು ಲಾರಿಯಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಅಪ್ಪ ಮುಖ ಊದಿಸಿಕೊಳ್ಳಲಿ, ಪರವಾಗಿಲ್ಲ.

ನಿನ್ನ ಬಾಯಿಬಡುಕಿ

ತಾ.ಕ.: ಇದನ್ನು ಹೇಳಲೆಂದೇ ಇಷ್ಟುದ್ದ ಪೀಠಿಕೆ. ಅಪ್ಪನ ಅಂಗಡಿಯ ಜನರೇಟರ್ ಇರುವುದೂ ನಿನ್ನ ಕೋಣೆಯ ಕೆಳಗೇ. ನಿನ್ನ ಕಿಟಕಿಯ ಸಂದಿಯಲ್ಲೂ ಬಟ್ಟೆ ಇರುತ್ತಿತ್ತು; ಚಳಿಗೆ ಎಂದುಕೊಂಡಿದ್ದೆ. ಫೋನಿನಲ್ಲಿ ಮಾತಿನ ನಡುವೆ ಉಸಿರೆಳೆದುಕೊಂಡು ‘ವಯಸ್ಸು ಕಣೇ’ ಅನ್ನುತ್ತೀಯಲ್ಲ, ನೀನು ಯಾರ ಮುಖಕ್ಕೆ ಹೆದರಿ ಸುಮ್ಮನಿದ್ದೀಯಮ್ಮಾ? ಜನರೇಟರ್ ಇಳಿಸಿದ ಲಾರಿ ಇಲ್ಲಿಗೆ ಖಾಲಿ ಬರಬಾರದು. ಮುಂದಿನ ಸೀಟಿನಲ್ಲಿ ಕೂತು ಬಂದುಬಿಡು. ಬೀಗಿತ್ತಿಗೆಂದು ಅತ್ತೆ ಆಗಲೇ ಹಾಸಿಗೆ ಹಾಸುತ್ತಿದ್ದಾರೆ, ಕಿಟಕಿ ತೆರೆದಿಟ್ಟು.