ಫಾರಂದಾಗ ಮುಚ್ಚಿಟ್ಟ ದಮ್ಮು

ಸೂಗಮ್ಮ,

ನೀ ನೀರಿಗೆ ಹೋಗಿದ್ದಿ, ನಾ ಸಾಲಿಗೆ ಹೊಂಟೀನಿ.

ನಾಗಪುರ ಪ್ರಯಾಣದ ವಿಮಾ ಫಾರಂದಾಗ ‘ಮೊದಲಿನ ಜಡ್ಡು’ ಅಂತ ಕೇಳಿದ್ದಕ್ಕ ‘ಇಲ್ಲ’ ಅಂತ ಬರದಿದ್ದೆ. ಊರಿಗೆ ಹೊಂಟಾಗ ಜಡ್ಡಿನ ಹೆಸರು ತಗೀಬಾರದಂತ ನಮ್ಮವ್ವ ಹೇಳತಿದ್ಳಲ್ಲ, ಕೈ ಹಿಂದ ಸರೀತು. ಶಕುನ ನಂಬಬ್ಯಾಡ್ರಿ ಅಂತ ದಿನಾ ಪಾಠ ಹೇಳೋ ಶಾಣ್ಯಾ ಮಾಸ್ತರ ನಾನು! ನಗಬ್ಯಾಡ.

ಮುಚ್ಚಿಟ್ಟ ಜಡ್ಡು ದಾರ್ಯಾಗ ಹೆಚ್ಚಾದ್ರ ವಿಮಾದವರು ದವಾಖಾನಿ ಖರ್ಚು ಕೊಡಂಗಿಲ್ಲಂತ. ಅದಕ್ಕ ಹೊಸ ಫಾರಂದಾಗ ‘ದಮ್ಮು, ಹನ್ನೆರಡು ವರ್ಷ’ ಅಂತ ಬರದು ಗಡಿಯಾರದ ಕೆಳಗ ಇಟ್ಟೀನಿ. ಮಧ್ಯಾಹ್ನ ಏಜಂಟ್ ಮೌನಪ್ಪ ಬರ್ತಾನ. ಸಾಕ್ಷಿ ಅಂತ ಇರೋ ಕಡೆ ಸಹಿ ಮಾಡಿ ಕೊಡು.

ಅಂವ ಡಾಕ್ಟರ್ ಸಹೀನ ಬೇಕಂದ್ರ, ‘ಹನ್ನೆರಡು ವರ್ಷ ನನ್ನ ಗಂಡ ಕೆಮ್ಮಿದಾಗೆಲ್ಲ ಎದ್ದು ಬೆನ್ನು ತಿಕ್ಕಿದಾಕಿ ನಾನ’ ಅಂತ ಹೇಳು.

ಗದ್ದೆಪ್ಪ