ಹಗ್ಗ ಬಿಚ್ಚುವ ಅಪ್ಪಣೆ ಯಾರದು?

ಮಾನ್ಯ ರಕ್ಷಣಾ ಮಂತ್ರಿಗಳೇ,

ಈ ಪತ್ರವನ್ನು ಗುಮಾಸ್ತನ ಕಡೆ ತಳ್ಳಬೇಡಿ, ನೆಟ್ಟಗೆ ಕೂತು ನೀವೇ ಓದಿ. ಪತ್ರಿಕೆಯಲ್ಲಿ ಇದನ್ನು ಓದುತ್ತಿರುವ ಉಳಿದವರೂ ಕಾಫಿ ಲೋಟ ಕೆಳಗಿಡಿ. ನಿಮ್ಮ ಮಕ್ಕಳೂ ಸೈನ್ಯದಲ್ಲಿದ್ದಾರೆ. ಮುಂದಿನ ತಿಂಗಳು ನಮ್ಮ ಫ್ಯೋರ್ಡಿನಲ್ಲಿ, ಬೆಟ್ಟಗಳ ನಡುವಿನ ಈ ಇಕ್ಕಟ್ಟಾದ ಕಡಲ ಕವಲಿನಲ್ಲಿ, ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರೂ ಕೂಡಿ ನಿಜವಾದ ಗುಂಡು ಹಾರಿಸಿ ಅಭ್ಯಾಸ ಮಾಡುತ್ತವಂತೆ. ಸೈನಿಕರನ್ನು ದಡಕ್ಕಿಳಿಸಲು ನಮ್ಮ ಮೀನುದೋಣಿಯನ್ನೂ ಕರೆದಿದ್ದೀರಿ. ಚುಕ್ಕಾಣಿ ಹಿಡಿಯುವವನು ನನ್ನ ಮೊಮ್ಮಗ ಹಾಲ್ವರ್. ಅವನು ಯಾರ ಮಾತು ಕೇಳಬೇಕು? ಅದನ್ನು ಮಾತ್ರ ಯಾರೂ ಹೇಳುತ್ತಿಲ್ಲ.

ನಾನು ಓದಿದ್ದು ಹಳ್ಳಿಶಾಲೆಯಲ್ಲಿ, ಅದೂ ಮೀನಿನ ಸುಗ್ಗಿ ಇಲ್ಲದಾಗ. ನಿಮ್ಮ ಯುದ್ಧಶಾಸ್ತ್ರ ನನಗೆ ತಿಳಿಯದು. ನಲವತ್ತನೇ ಇಸವಿಯ ಏಪ್ರಿಲ್ ಚೆನ್ನಾಗಿ ತಿಳಿದಿದೆ. ಜರ್ಮನರು ಕಡಲು, ನೆಲ, ಆಕಾಶ ಮೂರರಿಂದಲೂ ಒಂದೇ ಏಟಿಗೆ ನಮ್ಮ ನಾರ್ವೆಗೆ ನುಗ್ಗಿದರು. ನಮ್ಮ ನೆರವಿಗೆಂದು ಬಂದ ಮಿತ್ರರಾಷ್ಟ್ರಗಳ ಹಡಗು ಸೈನಿಕರನ್ನು ಇಳಿಸಿತು, ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನೂ ಇಳಿಸಿತು. ಹಲಗೆಯನ್ನು ಕಾಲಿಗೆ ಕಟ್ಟುವ ಪಟ್ಟಿಗಳು ಬೇರೆ ಹಡಗಿನಲ್ಲಿದ್ದವು! ಎಂಥ ಹೊಂದಾಣಿಕೆ!

ನಮ್ಮ ಕಡಲಲ್ಲಿ ಒಂದು ಪದ್ಧತಿಯಿದೆ. ದೋಣಿಗೆ ಯಜಮಾನ ಒಬ್ಬನೇ; ಮಗ ಯಜಮಾನನಾದರೆ ಅಪ್ಪನೂ ಬಾಯಿ ಮುಚ್ಚಿಕೊಂಡು ಹುಟ್ಟು ಹಾಕಬೇಕು. ಊರಿನ ದೋಣಿಗಳೆಲ್ಲ ಒಟ್ಟಿಗೆ ಹೊರಡುವಾಗ ಹಿರಿಯ ಯಜಮಾನ ಕೈ ಎತ್ತದೆ ಒಂದೂ ಕದಲುವುದಿಲ್ಲ. ಆ ಏಪ್ರಿಲ್‌ನಲ್ಲಿ ಗಾಯಾಳುಗಳನ್ನು ದೋಣಿಗೆ ಹತ್ತಿಸಿಕೊಂಡ ನನ್ನ ಗಂಡ ಸಿವರ್ಟ್, ಸೇನೆಗೂ ಅಂಥ ಒಬ್ಬನಿದ್ದಾನೆಂದೇ ನಂಬಿದ್ದ.

“ಹೊರಡ್ಲಾ?” ಎಂದು ಕೇಳಿದ.

“ಹಡಗಿನವ್ರನ್ನ ಕೇಳು,” ಎಂದ ದಡದ ಅಧಿಕಾರಿ. “ದಡದವ್ರನ್ನ ಕೇಳು,” ಎಂದ ಹಡಗಿನವನು.

“ಹೊರಡು ಮಾರಾಯ, ಇಬ್ರೂ ಒಬ್ಬರ ಮುಖ ಒಬ್ರು ನೋಡ್ತಾವ್ರೆ, ಮೇಲೆ ಯಾರೂ ನೋಡ್ತಿಲ್ಲ!” ಎಂದು ನಾನು ದಡದಿಂದ ಕೂಗಿದೆ.

“ಸುಮ್ನಿರೇ, ಅಪ್ಪಣೆ ಇಲ್ದೆ ಹಗ್ಗ ಬಿಚ್ಚೋಕಾಗುತ್ತಾ?” ಎಂದ ಸಿವರ್ಟ್.

ಜರ್ಮನರ ವಿಮಾನಗಳು ಯಾರನ್ನೂ ಕೇಳದೆ ಬಂದವು. ದೋಣಿಕಟ್ಟೆಯೂ ಉಳಿಯಲಿಲ್ಲ, ಅವನೂ ಉಳಿಯಲಿಲ್ಲ.

ಪಾಠ ಕಲಿತಿದ್ದೇವೆ ಎನ್ನುತ್ತೀರಿ. ಮೊನ್ನೆ ನಿಮ್ಮ ಕ್ಯಾಪ್ಟನ್ ನಮ್ಮ ಅಡುಗೆಮನೆಯಲ್ಲಿ ಕೂತು, ಆಲೂಗಡ್ಡೆ ರೊಟ್ಟಿಗೆ ಬೆಣ್ಣೆ ಸವರುತ್ತ ಹೇಳಿದ: “ಚಿಂತೆ ಬೇಡ ಅಜ್ಜೀ, ಎಲ್ಲಾ ಜಂಟಿ ಸಮಿತಿ ನೋಡ್ಕೊಳ್ಳುತ್ತೆ.”

“ವಿಮಾನ ತಲೆ ಮೇಲೆ ಬಂದಾಗ ಸಮಿತಿ ಸಭೆ ಸೇರುತ್ತಾ ಮಗಾ? ಊಟಕ್ಕೆ ಮುಂಚೆನೋ, ಆಮೇಲೋ?”

ಕ್ಯಾಪ್ಟನ್ ಇನ್ನೊಂದು ರೊಟ್ಟಿಗೆ ಕೈ ಚಾಚಿದ. “ಅಜ್ಜೀ, ಸಾಹೇಬ್ರ ಮುಂದೆ ಮಾನ ಕಳೀಬೇಡ,” ಎಂದು ಹಾಲ್ವರ್ ಗೊಣಗಿದ. ಅವನೂ ತಾತನ ಹಾಗೆಯೇ, ಅಪ್ಪಣೆ ಬರುವ ತನಕ ಕದಲದವನು. ನನಗಿರುವ ಭಯವೇ ಅದು.

ಮೂರೂ ಸೇನೆಗಳು ಮಾತು ಕೇಳುವಂಥ ಒಬ್ಬನನ್ನು ನೇಮಿಸಿ. ಅವನು ಹಾಲ್ವರ್‌ನ ಕಣ್ಣಿಗೆ ಕಾಣುವಂತೆ ದಡದಲ್ಲಿ ನಿಲ್ಲಲಿ. ಅವನು ಯಾರೆಂದು ಮುಂದಿನ ತಿಂಗಳು ಹುಟ್ಟುವ ಮೊದಲು ನನಗೆ ಬರೆದು ತಿಳಿಸಿ. ತಿಳಿಸದಿದ್ದರೆ ದೋಣಿ ಹೊರಡುವುದಿಲ್ಲ. ಯಜಮಾನ ಹಾಲ್ವರ್ ಇರಬಹುದು, ದೋಣಿ ನನ್ನದು.

ಇಂತಿ,
ಯಾರ ತಪ್ಪಿನಿಂದ ವಿಧವೆಯಾದೆನೆಂದು ಇಂದಿಗೂ ತಿಳಿಯದ
ಊಲುಫಿನೆ ಅಜ್ಜಿ,
ಸ್ಕಾರ್ವ್‌ನೆಸ್, ನಾರ್ವೆ