ಇಂಜಿನ್ನಿಗೆ ಎರಡು ಕೊಡ

ಮಸ್ಕಿ ಸಡಕ್

ಅವ್ವನ ಪಾದಕ್ಕೆ ಅಂಬಪ್ಪನ ಶರಣು.

ನನಗೊಂದು ತಂಬಿಗೆ ಬೇಕು. ಲಿಂಗಸುಗೂರಿನಿಂದ ಈ ಕಡೆ ಬರುವವರ ಕೈಯಲ್ಲಿ ಕಳಿಸು. ಸಡಕಿನ ರೋಲರ್ ಇಂಜಿನ್ ಎಲ್ಲಿದೆ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ನನ್ನ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ.

ಸಡಕಿಗೆ ಹಾಸುವ ಗರಸಿನ ಧೂಳು ಇಂಜಿನ್ನಿನ ಮುಂದಿನ ತಗಡಿನ ಜಾಲಿಗೆ ಮೆತ್ತಿಕೊಂಡರೆ ಗಾಳಿಯಾಡದೆ ಒಳಗಿನ ನೀರು ಕುದಿಯುತ್ತದೆ. ಅದಕ್ಕೆ ದಿನಾ ಸಂಜೆ ಜಾಲಿ ತೊಳೆದು ನೀರು ತುಂಬುತ್ತೇನೆ. ಹಳ್ಳದ ಸವಳು ನೀರು ಹಾಕಿದರೆ ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಸಿಹಿನೀರೇ ಆಗಬೇಕು.

ನಾನು ಯಾವ ಕೇರಿಯವನೆಂದು ತಿಳಿದ ದಿನವೇ ಊರವರು ಸಿಹಿನೀರಿನ ಬಾವಿಯ ಕಡೆ ಬರಬೇಡ ಎಂದರು. ಇಂಜಿನ್ ಮಾತ್ರ ನಿಜಾಮ ಸರಕಾರದ್ದು, ಅದಕ್ಕೆ ಇಲ್ಲ ಎನ್ನಲಾರರು. ಕಲ್ಯಾಣಮ್ಮ ಎಂಬ ಮುದುಕಿ ನೀರು ತಂದು, ನನ್ನನ್ನು ದೂರ ನಿಲ್ಲಿಸಿ, ತಗಡಿನ ಡಬ್ಬಿಗೆ ಸುರಿದು ಹೋಗುತ್ತಾಳೆ. ಇಂಜಿನ್ನಿಗೆ ಒಂದು ಕೊಡ ಸಾಕು. ಧೂಳು ಬಹಳ, ಎರಡು ಬೇಕು ಎಂದಿದ್ದೇನೆ. ಎರಡನೆಯದು ನನಗೆ. ಡಬ್ಬಿಗೆ ಬಾಯಿ ಹಚ್ಚಿದರೆ ಎಣ್ಣೆ ವಾಸನೆ, ಅದಕ್ಕೇ ತಂಬಿಗೆ.

ನಿನ್ನೆ ಆಕೆ ನೀರು ಸುರಿದ ಮೇಲೂ ಹೋಗದೆ ನಿಂತಳು. ಸೆರಗಿನಲ್ಲಿ ಏನೋ ಕಟ್ಟಿಕೊಂಡಿದ್ದಳು.

"ತಮ್ಮಾ, ನಿನ್ನ ಇಂಜಿನ್ನು ರೊಟ್ಟಿ ತಿಂತೈತೇನು?"

ನನಗೆ ಗಾಬರಿಯಾಯಿತು. "ಇಲ್ರೀ ಯವ್ವಾ, ಅದಕ್ಕ ನೀರಷ್ಟ ಸಾಕು" ಎಂದುಬಿಟ್ಟೆ.

ಇವತ್ತು ಕೇಳಿದರೆ ತಿನ್ನುತ್ತದೆ ಎನ್ನಬೇಕೆಂದು ಮಧ್ಯಾಹ್ನದಿಂದ ಕಾದೆ. ಆಕೆ ಎರಡು ಕೊಡ ಸುರಿದು, ಸುಮ್ಮನೆ ಹೋದಳು.

ತಂಬಿಗೆ ಮರೆಯಬೇಡ.

ನಿನ್ನ ಮಗ
ಅಂಬಪ್ಪ